ನಾನು ಬಿಟ್ಟು ಓದಿದ ಪುಟ

ನಮ್ಮ ಮನೆ ಅರಕೆರೆಯಲ್ಲಿ. ಮನೆಯೊಳಗೆ ಉರ್ದು, ಬಾಗಿಲು ದಾಟಿದರೆ ಕನ್ನಡ. ಶಾಲೆಯ ಕನ್ನಡ ಪಾಠಗಳಲ್ಲಿ ನಮ್ಮಂಥವರು ಇರಲೇ ಇಲ್ಲ ಅಂತಲ್ಲ. ಇದ್ದರೂ ಪಕ್ಕದ ಮನೆಯ ಸಾಬರಾಗಿ ಬಂದು ಹೋಗುತ್ತಿದ್ದೆವು. ಅವರ ಅಡುಗೆಮನೆಯೊಳಗೆ ಏನು ನಡೆಯುತ್ತದೆ ಅಂತ ಯಾರೂ ಹೇಳಿರಲಿಲ್ಲ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳ ‘ಹಾರ್ಟ್ ಲ್ಯಾಂಪ್’ ಪುಸ್ತಕಕ್ಕೆ. ಕನ್ನಡಕ್ಕೆ ಈ ಬಹುಮಾನ ಅದೇ ಮೊದಲು. ಬಾನು ಮೇಡಂ ಮನೆಮಾತೂ ಉರ್ದು ಅಂತ ತಿಳಿದ ಮೇಲೆ ಲೈಬ್ರರಿಯಿಂದ ಅವರ ಕನ್ನಡ ಕತೆಗಳ ಪುಸ್ತಕ ತಂದೆ.

ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಇಶಾ ನಮಾಜ್ ಆದ ಮೇಲೆ ನಾನು ಕನ್ನಡದಲ್ಲಿ ನೋಡಿಕೊಂಡು ಉರ್ದುವಿನಲ್ಲಿ ಹೇಳುತ್ತಿದ್ದೆ. ಆಪಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಒಂದು ರಾತ್ರಿ ಶಾಯಿಸ್ತಾ ಕತೆ. ಹೆಂಡತಿಯನ್ನು ಹೊಗಳಿ ಹೊಗಳಿ, ನಿನಗೂ ಒಂದು ಮಹಲ್ ಕಟ್ಟಿಸುತ್ತೇನೆ ಎನ್ನುವ ಗಂಡ ಇಫ್ತಿಕಾರ್. ಅಮ್ಮಿ ನಕ್ಕುಬಿಟ್ಟರು: “ಹೊಟ್ಟೆ ತುಂಬಿದ ಮೇಲೆ ಎಲ್ಲರೂ ಷಹಜಹಾನರೇ!” ಶಾಯಿಸ್ತಾ ಹೆರಿಗೆಯ ನಂತರ ತೀರಿಕೊಳ್ಳುತ್ತಾಳೆ. ಹೆಚ್ಚು ದಿನ ಕಳೆಯುವ ಮೊದಲೇ ಅವನಿಗೆ ಇನ್ನೊಂದು ಮದುವೆ. ಅಮ್ಮಿ ಆಮೇಲೆ ನಗಲಿಲ್ಲ.

ಆ ಕತೆಯಲ್ಲಿ ಹಿರಿಯ ಮಗಳು ಆಸಿಫಾ ಇದ್ದಾಳೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಓದು ಬಿಟ್ಟವಳು. ಅವಳ ಓದಿನ ಮಾತು ಬಂದ ಕಡೆ ನನ್ನ ನಾಲಿಗೆ ನಿಂತಿತು. ನಮ್ಮ ಆಪಾ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್. ಅದೇ ವರ್ಷ ಅಮ್ಮಿಗೆ ಆಪರೇಷನ್ ಆಯಿತು, ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಆಪಾ ಮನೆಯಲ್ಲಿ ಉಳಿದಳು, ನಾನು ಬಸ್ ಹತ್ತಿ ಕಾಲೇಜಿಗೆ ಬಂದೆ. ಹಣದಲ್ಲಿ ಅಳೆಯಲಾಗದ್ದನ್ನು ಲೆಕ್ಕದ ಪುಸ್ತಕಕ್ಕೆ ಬರೆಯುವುದಿಲ್ಲ ಎಂದು ಅಕೌಂಟೆನ್ಸಿಯಲ್ಲಿ ಮೊದಲೇ ಕಲಿಸುತ್ತಾರೆ. ಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಆಗ ಆಪಾ ನೆನಪಾಗಿರಲಿಲ್ಲ.

ಆ ಪುಟ ಬಿಟ್ಟು ಮುಂದಕ್ಕೆ ಹೋದೆ. ಅಮ್ಮಿಗೆ ಗೊತ್ತಾಗಲಿಲ್ಲ.

ಮರುದಿನ ಕಾಲೇಜಿನಿಂದ ಮನೆಗೆ ಹೋದಾಗ ಆಪಾ ಜಗಲಿಯಲ್ಲಿ ಕೂತು ಅದೇ ಪುಸ್ತಕ ಓದುತ್ತಿದ್ದಳು. ಅವಳು ಕನ್ನಡ ಓದಬಲ್ಲಳು ಎಂಬುದೇ ನನಗೆ ಮರೆತುಹೋಗಿತ್ತು!

“ನಿನ್ನೆ ಒಂದು ಪುಟ ಬಿಟ್ಟೆಯಲ್ಲ, ಯಾಕೆ?”

ನಾನು ಸುಮ್ಮನಿದ್ದೆ.

“ಆಸಿಫಾ ಬಗ್ಗೆ ಅಮ್ಮಿಗೂ ಗೊತ್ತಾಗಲಿ. ಇವತ್ತು ನಾನೇ ಓದುತ್ತೇನೆ” ಅಂದಳು.

ಓದಿದಳು. ನನಗಿಂತ ಚೆನ್ನಾಗಿ, ಎಲ್ಲೂ ತಡವರಿಸದೆ. ಅಮ್ಮಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು. ಕೊನೆಗೆ ಒಂದೇ ಮಾತು ಕೇಳಿದರು: “ಪಿಯುಸಿಗೆ ಈಗಲೂ ಸೇರಿಸಿಕೊಳ್ಳುತ್ತಾರೇನೆ?” ಆ ದಿನ ಪಾತ್ರೆ ನಾನು ತೊಳೆದೆ.

ಪುಸ್ತಕ ವಾಪಸ್ ಕೊಡುವ ದಿನ ದಾಟಿ ಒಂದು ವಾರವಾಯಿತು. ಆಪಾ ಇನ್ನೂ ಮುಗಿಸಿಲ್ಲ. ಲೈಬ್ರರಿ ಸರ್ ಇದನ್ನು ಓದಿದರೆ ದಯವಿಟ್ಟು ಫೈನ್ ಹಾಕಬೇಡಿ.