ಯಾವ ಗೋವಾ, ಮಾರಾಯಾ?

2023ರ ಮೇ ತಿಂಗಳು. ಕರಿ ಈಶಾಡು ಮಾವು ಹಣ್ಣಾಗುವ ಹೊತ್ತಿಗೆ ಮುಂಬೈಯಿಂದ ಭಾವ ಬರುವವನಿದ್ದ. ರೈಲಿನಲ್ಲಿ ಜಾಗ ಸಿಗಲಿಲ್ಲ. ‘ಗೋವಾಕ್ಕೆ ವಿಮಾನದಲ್ಲಿ ಬರ್ತೆ, ಕಾರು ತನ್ನಿ’ ಅಂತ ಫೋನು ಬಂತು. ನಮ್ಮೂರು ಭಾವಿಕೇರಿ; ಇಲ್ಲಿಯವರಿಗೆ ಗೋವಾ ವಿಮಾನ ನಿಲ್ದಾಣ ಅಂದರೆ ದಾಬೋಲಿಮ್ಮೇ. ಹುಬ್ಬಳ್ಳಿಗಾದರೆ ಅರಬೈಲ್ ಘಟ್ಟ ಹತ್ತಬೇಕು, ಮಂಗಳೂರು ಇನ್ನೂ ದೂರ. ಮಧ್ಯಾಹ್ನದ ಊಟ ಮುಗಿಸಿ ಹೊರಟೆವು.

ಹಟ್ಟಿಕೇರಿ ಟೋಲ್, ಕಾರವಾರ, ಕಾಳಿ ಸೇತುವೆ, ಗಡಿ. ಕಾಣಕೋಣ ದಾಟಿ ಘಟ್ಟದ ತಿರುವುಗಳಲ್ಲಿ ಲಾರಿಗಳ ಹಿಂದೆ ತೆವಳಿ, ಮಡಗಾಂವ್ ಹಾದು ದಾಬೋಲಿಮ್ ಮುಟ್ಟುವಾಗ ಮೂರು ತಾಸು ಮೀರಿತ್ತು. ಅಷ್ಟರಲ್ಲಿ ಭಾವನ ಫೋನು.

‘ಎಲ್ಲಿದ್ರೋ? ನಾನು ಹೊರಗೇ ನಿಂತಿದ್ದೆ.’

‘ನಾವೂ ಹೊರಗೇ ಇದ್ದೇವಲ್ಲ!’

‘ಸುತ್ತ ಬರೀ ಕೆಂಪು ಕಲ್ಲಿನ ಬಯಲು ಮಾರಾಯಾ, ಒಂದು ಅಂಗಡಿಯೂ ಕಾಣೂದಿಲ್ಲ.’

ಪಕ್ಕದಲ್ಲಿ ನಿಂತಿದ್ದ ಟ್ಯಾಕ್ಸಿಯವನು ನಕ್ಕ. ಟಿಕೆಟ್ ತೋರಿಸಿ ಅಂದ. ಭಾವ ಮೊದಲೇ ಮೊಬೈಲಿಗೆ ಕಳಿಸಿದ್ದ ಟಿಕೆಟಿನಲ್ಲಿ ‘ಗೋವಾ’ ಅಂತ ದಪ್ಪಕ್ಷರ; ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ‘ಜಿಒಎಕ್ಸ್’. ದಾಬೋಲಿಮ್ ಆಗಿದ್ದರೆ ಅಲ್ಲಿ ‘ಜಿಒಐ’ ಇರಬೇಕಿತ್ತು. ಭಾವ ಇಳಿದದ್ದು ಮೋಪಾದಲ್ಲಿ, ಅದೇ ವರ್ಷ ಜನವರಿ 5ರಿಂದ ವಿಮಾನ ಹಾರಾಟ ಶುರುವಾದ ಮನೋಹರ್ ನಿಲ್ದಾಣದಲ್ಲಿ. ಅದು ಮಹಾರಾಷ್ಟ್ರದ ಗಡಿಯ ಹತ್ತಿರ, ಗೋವಾದ ಇನ್ನೊಂದು ತುದಿ.

ಎರಡರ ನಡುವೆ ಹೆಚ್ಚೆಂದರೆ 70 ಕಿ.ಮೀ. ವಿಮಾನಕ್ಕೆ ಅದು ಲೆಕ್ಕವೇ ಅಲ್ಲ. ನಮಗೆ ಮಾತ್ರ ಜುವಾರಿಯ ಹೊಸ ಸೇತುವೆ, ಪಣಜಿಯ ಸಂಜೆಯ ವಾಹನ ಸಂದಣಿ, ಮಾಂಡವಿ, ಮಾಪ್ಸಾ, ಕೊಲ್ವಾಳದ ಹೊಳೆ ಎಲ್ಲ ದಾಟುವಷ್ಟರಲ್ಲಿ ಎರಡು ತಾಸು ಹೋಯಿತು. ಭಾವ ಚೀಲದ ಮೇಲೆ ಕೂತು ಆಕಳಿಸುತ್ತಿದ್ದ. ಅವನನ್ನು ಹತ್ತಿಸಿಕೊಂಡು ಅದೇ ದಾರಿಯಲ್ಲಿ ವಾಪಸು. ಮನೆ ಸೇರುವಾಗ ನಡುರಾತ್ರಿ. ಮುಂಬೈಯಿಂದ ಮೋಪಾಕ್ಕೆ ಹಾರಿದ್ದು ಒಂದೂಕಾಲು ತಾಸು, ಅಲ್ಲಿಂದ ಭಾವಿಕೇರಿಗೆ ಬಂದದ್ದು ಅದರ ನಾಲ್ಕು ಪಟ್ಟು. ಹಣ್ಣು ಮಾತ್ರ ಆ ಹೊತ್ತಿನಲ್ಲೇ ತಿಂದ, ಅದರಲ್ಲಿ ರಿಯಾಯಿತಿ ಇಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈಗ ನಮ್ಮ ಪಕ್ಕದ ಅಲಗೇರಿಯಲ್ಲೇ ವಿಮಾನ ನಿಲ್ದಾಣ ಆಗುವ ಮಾತು. ಅಲಗೇರಿ, ಬೇಲೇಕೇರಿ, ಭಾವಿಕೇರಿಯವರ ಭೂಮಿ ಅದಕ್ಕೆ ಬೇಕು. ನೌಕಾಪಡೆಯ ರನ್‌ವೇ, ಪಕ್ಕದಲ್ಲಿ ಸಾರ್ವಜನಿಕರಿಗೊಂದು ಟರ್ಮಿನಲ್. ದಾಬೋಲಿಮ್ಮಿನದೂ ಇದೇ ಏರ್ಪಾಡು. ಅಲ್ಲಿ ಐಎನ್‌ಎಸ್ ಹಂಸಾ ನೌಕಾನೆಲೆಯ ತರಬೇತಿಗಾಗಿ ವಾರದ ದಿನಗಳ ಬೆಳಗಿನ ಹೊತ್ತು ನಾಗರಿಕ ವಿಮಾನಗಳಿಗೆ ಬಿಗಿ. ಮೋಪಾ ಕಟ್ಟಲು ಅದೂ ಒಂದು ಕಾರಣ.

ಸೀಬರ್ಡ್ ನೌಕಾನೆಲೆಗೆ ಈ ಕರಾವಳಿ ಒಮ್ಮೆ ಜಾಗ ಕೊಟ್ಟಾಗಿದೆ. ಈ ಸಲ ಪರಿಹಾರದ ಮೊತ್ತ ಕೇಳುವಾಗಲೇ ಇನ್ನೊಂದನ್ನೂ ಕೇಳಿ: ದಿನದ ಯಾವ ಹೊತ್ತು ನಮ್ಮದು? ಬಾಯಿಮಾತು ಬೇಡ, ಬರೆದು ಕೊಡಲಿ.