ಕೆರೆಗೆ ಇಳಿಯದವರು ಸಮುದ್ರಕ್ಕೆ ಇಳಿಯೋ ಲೆಕ್ಕಾಚಾರ

ಪೋಸ್ಟ್ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಹೋದ ವಾರ ಗುಂಡ್ಲುಪೇಟೆಯಲ್ಲಿ ತೆಗೆದ ನಮ್ಮ ಚೀಟಿ ಗುಂಪಿನ ಫೋಟೋ ಒಂದನ್ನ ಇಲ್ಲಿ ಹಾಕಿದ್ದೆ. ಹನ್ನೆರಡು ಜನ ಸಾಲಾಗಿ ಕೂತು ಮೂಗು ಹಿಡ್ಕೊಂಡಿರೋ ಫೋಟೋ. ಕೆಳಗೆ 'ಜನವರಿಗೆ ನೇತ್ರಾಣಿ, ಸ್ಕೂಬಾ' ಅಂತ ಬರೆದಿದ್ದೆ. ಲೈಕ್ ಬಂದವು, ನಗೋ ಎಮೋಜಿ ಬಂದವು, ರಾತ್ರಿ ಹಿರಿಯ ಸಂಗಾತಿಯೊಬ್ಬರ ಫೋನೂ ಬಂತು. "ಹೋರಾಟದಲ್ಲಿ ಇರೋರಿಗೆ ಇದೆಲ್ಲಾ ಶೋಕಿ ಯಾಕಪ್ಪಾ? ಆ ದುಡ್ಡಲ್ಲಿ ಹಾಸ್ಟೆಲ್ ಮಕ್ಕಳಿಗೆ ಪುಸ್ತಕನಾದ್ರೂ ಬರ್ತಿತ್ತು" ಅಂದರು. ಅವರ ಮೇಲೆ ನನಗೆ ಬಹಳ ಗೌರವ. "ಸರಿ ಸಾರ್" ಅಂದು ಫೋನ್ ಇಟ್ಟೆ. ಆದರೆ ಸರಿ ಅನ್ನಿಸಿರಲಿಲ್ಲ. ಅದಕ್ಕೇ ಬರೀತಿದ್ದೀನಿ.

ಹೋದ ಜನವರಿಯಲ್ಲಿ ಹೊನ್ನಾವರದ ಕಡೆ ಗೆಳೆಯನ ಮದುವೆ ಮುಗಿಸಿ ವಾಪಸ್ ಬರುವಾಗ ಮುರುಡೇಶ್ವರದಲ್ಲಿ ಇಳಿದಿದ್ವಿ. ಎಲ್ಲರೂ ಆ 123 ಅಡಿ ಶಿವನ ಮುಂದೆ ಸೆಲ್ಫಿ ತಗೊಳ್ತಿದ್ದಾಗ ನಮ್ಮ ದೊಡ್ಡಪ್ಪನ ಮಗ ಅಣ್ಣ ಮಾತ್ರ ಕಾಣಲಿಲ್ಲ. ಹುಡುಕಿದರೆ ಬೋಟು ಬಂದು ನಿಲ್ಲೋ ಕಡೆ ನಿಂತಿದ್ದ. ಒದ್ದೆ ಬಟ್ಟೆಯಲ್ಲಿ ಜನ ಇಳೀತಿದ್ದರು, ಸಿಲಿಂಡರ್ ಇಳಿಸ್ತಿದ್ದರು. ಅಣ್ಣ ಬೋಟಿನ ಹುಡುಗನ್ನ ಒಂದೇ ಪ್ರಶ್ನೆ ಕೇಳಿದ: "ಈಜು ಬರ್ದೇ ಇರೋರೂ ಹೋಗ್ಬೋದಾ?" ಆ ಹುಡುಗ "ಬರದಿದ್ರೂ ಪರವಾಗಿಲ್ಲ, ಒಬ್ಬರಿಗೆ ಒಬ್ಬರು ಹಿಡ್ಕೊಂಡೇ ಇರ್ತೀವಿ" ಅಂದ. ಊರು ಮುಟ್ಟೋವರೆಗೂ ಅಣ್ಣ ಮಾತಾಡಲಿಲ್ಲ.

ಅವನು ಯಾಕೆ ಆ ಪ್ರಶ್ನೆ ಕೇಳಿದ ಅಂತ ನನಗೆ ಗೊತ್ತು. ಅವನ ತಮ್ಮ, ಅಂದ್ರೆ ನನ್ನ ಜೊತೆ ಎಂಟನೇ ಕ್ಲಾಸಲ್ಲಿ ಓದ್ತಿದ್ದೋನು, ಕಲ್ಲು ಗುಂಡಿಯಲ್ಲಿ ಮುಳುಗಿ ಹೋದ. ಚಾಮರಾಜನಗರದ ಕರಿಕಲ್ಲು ಯಾವ್ಯಾವ ದೇಶಕ್ಕೋ ಹೋಗುತ್ತೆ. ಕಲ್ಲು ತೆಗೆದಾದ ಮೇಲೆ ಗುಂಡಿ ನಮ್ಮ ಪಾಲಿಗೆ ಉಳಿಯುತ್ತೆ. ಮಳೆ ಬಂದರೆ ತುಂಬ್ಕೊಳ್ಳುತ್ತೆ. ಗೋಡೆ ಕತ್ತರಿಸಿದ ಹಂಗೆ ನೆಟ್ಟಗೆ ಇರುತ್ತೆ, ಕಾಲಿಡೋಕೆ ಮೆಟ್ಟಿಲಿಲ್ಲ, ಹಿಡ್ಕೊಳ್ಳೋಕೆ ಬೇರಿಲ್ಲ. ಆವತ್ತು ನಾಲ್ಕು ಹುಡುಗರು ದಡದಲ್ಲಿ ನಿಂತಿದ್ವಿ. ನಾಲ್ವರಲ್ಲಿ ಒಬ್ಬನಿಗೂ ಈಜು ಬರ್ತಿರಲಿಲ್ಲ. ಕೂಗಿದ್ವಿ, ಅಷ್ಟೇ.

ಊರಲ್ಲಿ ಬಾವಿ ಇರಲಿಲ್ಲವಾ, ಕೆರೆ ಇರಲಿಲ್ಲವಾ? ಎರಡೂ ಇದ್ದವು. ಮೇಲಿನ ಕೇರಿ ಹುಡುಗರು ಬೇಸಿಗೆ ರಜ ಬಂತು ಅಂದ್ರೆ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಧುಮುಕೋರು. ಮಾವನೋ ಚಿಕ್ಕಪ್ಪನೋ ಮೇಲೆ ಕೂತು ಹಗ್ಗ ಹಿಡ್ಕೊಂಡಿರೋರು. ಈಜು ಅನ್ನೋದು ಹಂಗೆ ಬರುತ್ತೆ. ಅದಕ್ಕೆ ಒಂದು ಬಾವಿ ಬೇಕು, ಹಗ್ಗ ಹಿಡಿಯೋ ಒಬ್ಬ ದೊಡ್ಡವರು ಬೇಕು, ಯಾರೂ ಓಡಿಸದಂಥ ಒಂದು ಮಧ್ಯಾಹ್ನ ಬೇಕು. ನಮಗೆ ಆ ಮಧ್ಯಾಹ್ನ ಇರಲಿಲ್ಲ. ಎಮ್ಮೆ ಬೀಳೋ ಕೆರೆಯಲ್ಲೂ ನಮ್ಮ ಪಾಲಿಗೆ ಕೋಡಿ ಕಡೆಯ ಕೆಸರು ಮಾತ್ರ.

ಪ್ರತಿ ಮಾರ್ಚ್ 20ಕ್ಕೆ ನಾನೂ ಮೈಕ್ ಹಿಡ್ಕೊಂಡು ಮಹಾಡ್ ಬಗ್ಗೆ ಮಾತಾಡ್ತೀನಿ. 1927ರಲ್ಲಿ ಬಾಬಾಸಾಹೇಬರು ಚವದಾರ್ ಕೆರೆಗಿಳಿದು ಬೊಗಸೆಯಲ್ಲಿ ನೀರು ತಗೊಂಡು ಕುಡಿದದ್ದು, ಆಮೇಲೆ ಆ ಊರಿನ ಮೇಲ್ಜಾತಿಯವರು ಸಗಣಿ, ಗಂಜಲ, ಹಾಲು, ಮೊಸರು 108 ಮಡಕೆ ಸುರಿದು ಕೆರೆ 'ಶುದ್ಧ' ಮಾಡಿದ್ದು, ಹತ್ತು ವರ್ಷ ಕೋರ್ಟು ಅಲೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದದ್ದು. ಇದು ಹಳೇ ಕಥೆ ಅಂತ ಯಾರಾದರೂ ಅಂದ್ರೆ ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ನೆನಪು ಮಾಡ್ತೀನಿ. 2022ರ ನವೆಂಬರ್. ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆ ನಲ್ಲಿಯಲ್ಲಿ ನೀರು ಕುಡಿದಳು ಅಂತ ನೀರೆಲ್ಲಾ ಹರಿಯಬಿಟ್ಟು ಗಂಜಲ ಹಾಕಿ ತೊಳೆದರು ಅನ್ನೋ ದೂರು ರಾಜ್ಯಕ್ಕೆಲ್ಲಾ ಗೊತ್ತಾಯ್ತು. ತಹಶೀಲ್ದಾರರು ಬಂದು ನಮ್ಮವರ ಕೈಲಿ ಊರಿನ ತೊಂಬೆಗಳ ನೀರು ಕುಡಿಸಿದರು.

ಇಷ್ಟು ವರ್ಷ ನಾವು ಕೇಳಿದ್ದೆಲ್ಲಾ ಕುಡಿಯೋ ನೀರು. ಕೇಳಲೇಬೇಕಿತ್ತು, ಇನ್ನೂ ಕೇಳಬೇಕು. ಆದರೆ ನೀರಿಗೆ ಇಳಿಯೋದು, ಅದರಲ್ಲಿ ತೇಲೋದು, ಸುಮ್ಮನೆ ಆಡೋದು ನಮ್ಮ ಯಾವ ಮನವಿ ಪತ್ರದಲ್ಲೂ ಬರಲೇ ಇಲ್ಲ. ಬರಗೊಡದೆ ಇದ್ದದ್ದರಿಂದ ಎಷ್ಟು ಮಕ್ಕಳು ಗುಂಡಿಯಲ್ಲಿ, ಕಾಲುವೆಯಲ್ಲಿ ಹೋದರು ಅಂತ ಯಾರೂ ಎಣಿಸಿಲ್ಲ. ಮಹಜರಿನಲ್ಲಿ 'ಕಾಲು ಜಾರಿ' ಅಂತ ಬರೀತಾರೆ.

ಸರಿ, ಪ್ಲಾನಿನ ವಿಷಯಕ್ಕೆ ಬರ್ತೀನಿ. ನೇತ್ರಾಣಿ ಅಂದ್ರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದ ಒಳಗಿರೋ ದ್ವೀಪ. ಬೋಟಲ್ಲಿ ಒಂದರಿಂದ ಒಂದೂವರೆ ಗಂಟೆ. ಸುತ್ತ ಹವಳ ಇದೆ, ಬಣ್ಣಬಣ್ಣದ ಮೀನು ಇವೆ. ಮಳೆಗಾಲದಲ್ಲಿ ಬೋಟು ಬಿಡಲ್ಲ. ಡಿಸೆಂಬರ್, ಜನವರಿಯಲ್ಲಿ ಸಮುದ್ರ ಶಾಂತ, ನೀರೂ ತಿಳಿ. ತೊಂದರೆ ಏನಂದ್ರೆ ನಮ್ಮ ಡೈರಿಯಲ್ಲಿ ಚಳಿಗಾಲ ಖಾಲಿ ಇರಲ್ಲ. ನವೆಂಬರ್ 26 ಸಂವಿಧಾನ ದಿನ, ಡಿಸೆಂಬರ್ 6 ಪರಿನಿಬ್ಬಾಣ, 25 ಮನುಸ್ಮೃತಿ ಸುಟ್ಟ ದಿನ, ಜನವರಿ 1 ಕೋರೆಗಾಂವ್, 3 ಸಾವಿತ್ರಿಬಾಯಿ, 17 ರೋಹಿತ್. ಕೊನೆಗೆ ಸಂಕ್ರಾಂತಿ ಬಸ್ ರಶ್ಶಿಗೆ ಮುಂಚೆ ಸಿಕ್ಕಿದ್ದು ಜನವರಿ ಎರಡನೇ ಶನಿವಾರ. ಅವತ್ತು ಸರ್ಕಾರಿ ನೌಕರಿಯವರಿಗೂ ರಜೆ. ಮೈಸೂರು ಮೇಲೆ ಮುರುಡೇಶ್ವರಕ್ಕೆ ಹೋಗೋ ರಾತ್ರಿ ರೈಲಿದೆ.

ದುಡ್ಡು: ಒಬ್ಬರಿಗೆ ಐದೂವರೆ ಸಾವಿರ ಅಂದರು. ಮೇ ತಿಂಗಳಿಂದ ತಲಾ 700 ರೂಪಾಯಿ ಚೀಟಿ ಹಾಕ್ತಿದ್ದೀವಿ. ಎಂಟು ತಿಂಗಳಿಗೆ 5,600. ರೈಲು, ರೂಮು ಅವರವರದ್ದು. ಸಂಘಟನೆಯ ಒಂದು ರೂಪಾಯಿನೂ ಇದರಲ್ಲಿಲ್ಲ, ಇದನ್ನ ಫೋನ್ ಮಾಡಿದ ಸಾರ್‌ಗೆ ಹೇಳೋಕೆ ಮರೆತೆ.

ಮೂಗು ಹಿಡ್ಕೊಂಡಿದ್ದು ಯಾಕೆ ಅಂತ ಕೇಳಿದವರಿಗೆ: ನೀರೊಳಗೆ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿ ಇರೋದಕ್ಕಿಂತ ಎರಡರಷ್ಟಾಗುತ್ತೆ. ಮೊದಲ ಸಲದವರನ್ನ 12 ಮೀಟರ್ ದಾಟಿಸಲ್ಲ, ಆದರೂ ಕಿವಿ ನೋಯುತ್ತೆ. ಮೂಗು ಮುಚ್ಚಿ ಮೆಲ್ಲಗೆ ಗಾಳಿ ಊದಿದರೆ ಕಿವಿ ಬಿಡುತ್ತೆ. ಬೆನ್ನ ಮೇಲಿರೋದು ಆಕ್ಸಿಜನ್ ಸಿಲಿಂಡರ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಎಲ್ಲಕ್ಕಿಂತ ದೊಡ್ಡ ನಿಯಮ, ಉಸಿರು ಹಿಡೀಬಾರದು. ಕೆಳಗೆ ಎಳ್ಕೊಂಡ ಗಾಳಿ ಮೇಲಕ್ಕೆ ಬರ್ತಾ ಬರ್ತಾ ಹಿಗ್ಗುತ್ತೆ, ಹಿಡ್ಕೊಂಡರೆ ಶ್ವಾಸಕೋಶ ಹರಿಯಬಹುದು. ಮಾತು ಇಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದ್ದೀನಿ' ಅಂತಲ್ಲ, 'ಮೇಲಕ್ಕೆ ಕರ್ಕೊಂಡು ಹೋಗಿ' ಅಂತ. ಮೊದಲ ಪ್ರಾಕ್ಟೀಸಲ್ಲಿ ಹನ್ನೆರಡು ಜನವೂ ಹೆಬ್ಬೆರಳು ಎತ್ತಿದ್ವಿ! ಇನ್ನೊಂದು, ಮುಳುಗಿ ಎದ್ದ ದಿನವೇ ಘಾಟಿ ಹತ್ತೋದು ಬೇಡ ಅಂತ ನಿರ್ಧಾರ ಮಾಡಿದ್ವಿ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಎತ್ತರಕ್ಕೆ ಹೋದಾಗ ಸೋಡಾ ಬಾಟಲಿ ತೆಗೆದ ಹಂಗೆ ಗುಳ್ಳೆ ಏಳಬಹುದು. ಗುಂಡ್ಲುಪೇಟೆ ಸುಮಾರು 800 ಮೀಟರ್ ಎತ್ತರದಲ್ಲಿದೆ. ಆಳ ಕಡಿಮೆ, ಅಪಾಯ ಕಡಿಮೆ, ಆದರೂ ಒಂದು ರಾತ್ರಿ ದಡದಲ್ಲೇ ಉಳಿಯೋದು.

ಇನ್ನು ಬೋಟಿನ ಜಗಳ. ಇಡೀ ಬೋಟನ್ನೇ ಬಾಡಿಗೆಗೆ ಹಿಡಿಯೋಣ ಅಂತ ನಾನು ಹೇಳಿದ್ದೆ. ನಮ್ಮದೇ ಬೋಟು, ಯಾರೂ ಊರು ಕೇರಿ ಕೇಳಲ್ಲ, ಹೆದರಿ ಕೂಗಿದರೆ ಯಾರೂ ನಗಲ್ಲ. ಹಾಸ್ಟೆಲ್ ಹುಡುಗರು ಹೂಂ ಅಂದರು. ಅಂಗನವಾಡಿ ಅಕ್ಕ ಮಾತ್ರ ಬಾಯಿಗಿಡೋ ಆ ರಬ್ಬರಿನ ಬಗ್ಗೆ ಕೇಳಿದಳು.

"ಅದ ನಮಗಿಂತ ಮೊದ್ಲು ಬ್ಯಾರೆವ್ರು ಬಾಯಿಗ ಇಟ್ಟಿರ್ತಾರಾ?"

ತೊಳೀತಾರೆ ಅಕ್ಕ, ಆದ್ರೆ ಹೌದು, ಎಲ್ಲರೂ ಕಚ್ಚೋದು ಅದನ್ನೇ ಅಂದೆ. ಹಳದಿ ಬಣ್ಣದ ಇನ್ನೊಂದು ಇರುತ್ತೆ, ಪಕ್ಕದವರ ಗಾಳಿ ಮುಗಿದರೆ ನಮ್ಮ ಸಿಲಿಂಡರಿನ ಗಾಳಿ ಅದರಿಂದ ಕೊಡಬೇಕು ಅಂತಾನೂ ಹೇಳಿದೆ.

"ಹಂಗಾರ ನಾ ಬುಟ್ಟಾದ್ಮೇಲ ಅದ ಯಾರು ಕಚ್ಚಾರು?"

ಯಾರೂ ಮಾತಾಡಲಿಲ್ಲ. ಹೋಟೆಲಿನ ಹೊರಗೆ ಗೂಡಲ್ಲಿಟ್ಟ ಲೋಟ ತಾನೇ ತೊಳೆದು ಟೀ ಕುಡಿದವಳು ಅವಳು. ಎತ್ತರದಿಂದ ಸುರಿದ ನೀರನ್ನ ಬೊಗಸೆಯಲ್ಲಿ ಹಿಡಿದವಳು. "ಇಡೀ ಬೋಟ್ ಬ್ಯಾಡ ಕನಪ್ಪ. ಎಲ್ರ ಜೊತಲೇ ಹೋಗುಮ" ಅಂದಳು. ನಾನು ಅವಮಾನ ತಪ್ಪಿಸೋಕೆ ಹೊರಟು ಮತ್ತೆ ಒಂದು ಬೇರೆ ಕೇರಿ ಕಟ್ಟೋಕೆ ಹೋಗಿದ್ದೆ. ಬೋಟು ಬೇಡ, ಬರೀ ಸೀಟು ಅಂತ ತೀರ್ಮಾನ ಆಯ್ತು.

ನಮ್ಮ ಅವ್ವ ಇನ್ನೂ ಒಪ್ಪಿಲ್ಲ. "ನೀರು ಆಟ ಅಲ್ಲ ಕನ ಮೊಗ" ಅಂತಾಳೆ. ಅವಳ ಭಯ ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಮುರುಡೇಶ್ವರದ ದಡದಲ್ಲಿ, ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ಕು ಹೆಣ್ಣುಮಕ್ಕಳನ್ನ ಅಲೆ ಎಳ್ಕೊಂಡು ಹೋಯ್ತು. ಅವ್ವ ಟೀವಿಯಲ್ಲಿ ನೋಡಿದ್ದಾಳೆ, ಮರೆತಿಲ್ಲ. ಅದಕ್ಕೆ ದಡದಲ್ಲಿ ಯಾರೂ ಅಲೆಗೆ ಇಳಿಯಬಾರದು, ಬೋಟಲ್ಲಿ ಲೈಫ್ ಜಾಕೆಟ್ ಬಿಚ್ಚಬಾರದು, ಇಳಿಯೋದಾದ್ರೆ ಕೈ ಹಿಡಿಯೋ ಟ್ರೇನರ್ ಜೊತೆ ಮಾತ್ರ ಅಂತ ಮಾತು ತಗೊಂಡಿದ್ದೀನಿ. ನಾನೂ ಕೊಟ್ಟಿದ್ದೀನಿ.

ಕೊನೇದು ಫಾರಂ ವಿಷಯ. ಇಳಿಯೋ ಮುಂಚೆ ಒಂದು ಆರೋಗ್ಯದ ಫಾರಂ ತುಂಬಬೇಕು. ಆಸ್ತಮಾ ಇದೆಯಾ, ಹಾರ್ಟ್ ಇದೆಯಾ, ಫಿಟ್ಸ್ ಬರುತ್ತಾ, ಕಿವಿ ಸೋರುತ್ತಾ, ಶ್ವಾಸಕೋಶದ ಕಾಯಿಲೆ ಇದೆಯಾ. ಅಣ್ಣ ಹನ್ನೊಂದು ವರ್ಷ ಕಲ್ಲು ಕೊಯ್ಯೋ ಕೆಲಸ ಮಾಡಿದ್ದಾನೆ. ಚಳಿ ಬಂತು ಅಂದ್ರೆ ಕೆಮ್ಮು ನಿಲ್ಲಲ್ಲ. ಎಕ್ಸ್‌ರೇ ತೆಗೆಸಿದ್ವಿ. ಡಾಕ್ಟರು ಫಿಲಂ ನೋಡಿ, ಕಲ್ಲಿನ ದೂಳು ಕೂತಿರೋ ಜಾಗದಲ್ಲಿ ಗಾಳಿ ಸಿಕ್ಕಿಕೊಂಡರೆ ಮೇಲೆ ಬರುವಾಗ ಹಿಗ್ಗಿ ಒಡೆಯಬಹುದು, ಬೇಡವೇ ಬೇಡ ಅಂದರು.

ಆವತ್ತು ರಾತ್ರಿ ಅಣ್ಣ ಮನೆಗೆ ಬಂದ. "ಲೋ, ಇಲ್ಲ ಅಂತ ಟಿಕ್ ಹಾಕ್ಬುಡು. ಅಲ್ಲಿ ಯಾರ್ಗ ಗೊತ್ತಾದ್ದು?" ಅಂದ. ಇದು ಶುರುವಾದದ್ದೇ ಅವನಿಂದ. ತಮ್ಮ ಹೋದ ನೀರೊಳಗೆ ಏನಿರುತ್ತೆ ಅಂತ ಒಂದು ಸಲ ಕಣ್ಣು ಬಿಟ್ಟು ನೋಡಬೇಕು ಅನ್ನೋನು ಅವನು. ಚೀಟಿ ಒಂದು ತಿಂಗಳೂ ತಪ್ಪಿಸಿಲ್ಲ. ನಾನು ಆಗಲ್ಲ ಅಂದೆ. ಅವನು ರೇಗಿದ, ಅವ್ವನ ಮುಂದೇನೇ ಬೈದ, ಚಪ್ಪಲಿ ಹಾಕ್ಕೊಂಡು ಹೊರಟೇಬಿಟ್ಟ. ನಾಲ್ಕು ದಿನ ಫೋನ್ ಎತ್ತಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ತನಗೋಸ್ಕರ ಏನೋ ಕೇಳಿದ ಮನುಷ್ಯನಿಗೆ ಇಲ್ಲ ಅಂದೆನಲ್ಲ ಅಂತ ನನಗೂ ನಿದ್ದೆ ಬರಲಿಲ್ಲ.

ನಿನ್ನೆ ಸಂಜೆ ಅವನೇ ಫೋನ್ ಮಾಡಿದ. ಬೋಟಿನವರೆಗೂ ಬರ್ತಾನಂತೆ. ಆ ದ್ವೀಪದ ಬಂಡೆಗಳ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತೆ ಅಂತ ಯಾರೋ ಹೇಳಿದ್ದಾರೆ, ಅದನ್ನ ನೋಡ್ಕೊಂಡು ಕೂತಿರ್ತಾನಂತೆ. ಸ್ಕೂಬಾದ ದುಡ್ಡು ವಾಪಸ್ ಕೊಡ್ತೀನಿ ಅಂದ್ರೆ ಬೇಡ ಅಂದ. "ಅದ್ರಲ್ಲಿ ನಿನ್ ಮಗಳೂ ನನ್ ಮಕ್ಕಳೂ ಈಜು ಕಲಿಲಿ. ಎಲ್ಲಿ ಸೇರ್ಸದು ನೋಡು."

ಮೈಸೂರಿನ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ, ಅಲ್ಲಿ ವಿಚಾರಿಸ್ತೀನಿ. ಆದರೆ ಗುಂಡ್ಲುಪೇಟೆಯಿಂದ ದಿನಾ ಹೋಗಿ ಬರೋದು ಕಷ್ಟ. ಮೂರು ಮಕ್ಕಳು, ಇಬ್ಬರು ಹೆಣ್ಣು, ಒಬ್ಬ ಗಂಡು, ಎಂಟರಿಂದ ಹನ್ನೆರಡು ವರ್ಷ. ಬೇಸಿಗೆ ರಜೆಯಲ್ಲಿ ನಮ್ಮ ಕಡೆಯೇ, ಸ್ವಂತ ಬಾವಿಯಲ್ಲೋ ಕೃಷಿ ಹೊಂಡದಲ್ಲೋ, ಹಗ್ಗ ಹಿಡ್ಕೊಂಡು ಕಲಿಸುವವರು ಯಾರಾದರೂ ಇದ್ದರೆ ಕಾಮೆಂಟಲ್ಲಿ ಹೇಳಿ. ಸೋರೆ ಬುರುಡೆ ನಾವೇ ತರ್ತೀವಿ.