ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಒಂದು ಎಲೆ

ಚಳ್ಳಕೆರೆಯ ಸೀಮೆಯು ಗಿಡಮರಗಳ ವಿಷಯದಲ್ಲಿ ಉದಾರವಾದುದಲ್ಲ. ರಾಜ್ಯದಲ್ಲಿ ಮಳೆಯು ಅತ್ಯಲ್ಪವಾಗಿ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಕಡಲೆಕಾಯಿಯ ಹೊಲ, ಜಾಲಿ, ಬೇವು, ಹುಣಿಸೆ, ಅಮೃತಮಹಲ್ ಕಾವಲಿನ ಹುಲ್ಲು—ಇಷ್ಟೇ ಇಲ್ಲಿಯ ಸಸ್ಯಸಂಪತ್ತೆಂದರೂ ತಪ್ಪಾಗದು. ಎಣ್ಣೆಯ ಗಿರಣಿಗೂ ಕುರಿಯ ಕಂಬಳಿಗೂ ಹೆಸರಾದ ಈ ಊರಿನಲ್ಲಿ ಬಿಗೋನಿಯ ಗಿಡವನ್ನು ಮನೆಯೊಳಗೆ ಸಾಕುವೆವೆಂದರೆ ನೆರೆಹೊರೆಯವರು ನಗುವುದು ಸಹಜ. ನಾವೂ ಮೊದಲು ನಕ್ಕವರೇ.

ಗಿಡವನ್ನು ತಂದವರು ನಾವಲ್ಲ, ನಮ್ಮ ಗೃಹಿಣಿ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಪುಷ್ಪಪ್ರದರ್ಶನವನ್ನು ನೋಡಿ ಹೊರಬಂದಾಗ, ಗಿಡ ಮಾರುವವನೊಬ್ಬನ ಬಳಿ ಆಕೆ ಇದನ್ನು ಕೊಂಡಳು. ಅಂಗೈಯಗಲದ ಓರೆಯಾದ ಎಲೆ; ಮೈತುಂಬ ಸಣ್ಣ ಸಣ್ಣ ಉಬ್ಬುಗಳು; ತಿಳಿಹಸುರಿನ ನಡುವೆ ಕಂದುಬಣ್ಣದ ಶಿಲುಬೆಯಂತಹ ಗುರುತು. ಇಂಗ್ಲಿಷರು ಇದನ್ನು ‘ಐರನ್ ಕ್ರಾಸ್’ ಎನ್ನುವರು. 1952ರಲ್ಲಿ ಮಾರಿಸ್ ಮೇಸನ್ ಎಂಬ ಆಂಗ್ಲ ಸಸ್ಯಪ್ರೇಮಿಯು ಸಿಂಗಪುರದಿಂದ ಇದನ್ನು ತಮ್ಮ ನಾಡಿಗೆ ಒಯ್ದುದರಿಂದ, 1959ರಲ್ಲಿ ಶಾಸ್ತ್ರಜ್ಞರು ‘ಬಿಗೋನಿಯ ಮೇಸೋನಿಯಾನ’ ಎಂದು ನಾಮಕರಣ ಮಾಡಿದರು. ನಿಜವಾದ ತವರು ದಕ್ಷಿಣ ಚೀನವೂ ವಿಯಟ್ನಾಮೂ ಆಗಿವೆ. ಅಲ್ಲಿಯ ಹಸಿಯಾದ ನೆರಳೆಲ್ಲಿ, ನಮ್ಮ ಚಳ್ಳಕೆರೆಯ ಬಿಸಿಗಾಳಿಯೆಲ್ಲಿ!

ಆಕೆ ಗಿಡಕ್ಕೆ ನೀರೆರೆಯುವ ಮುನ್ನ ಮಣ್ಣಿಗೆ ಬೆರಳನ್ನು ಒತ್ತಿ ನೋಡುವಳು. ಮೇಲುಮಣ್ಣು ಒಣಗಿದ್ದರೆ ಮಾತ್ರ ಎರೆಯುವಳು. ಎಲೆಯ ಮೇಲೆ ಹನಿಯೂ ಬೀಳಕೂಡದು. ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಅದರಲ್ಲಿ ನೀರು ನಿಲ್ಲಿಸಿ, ಕುಂಡದ ಬುಡವು ನೀರಿಗೆ ತಾಕದಂತೆ ಕಲ್ಲುಗಳ ಮೇಲೆ ಇಟ್ಟಿದ್ದಳು. ಆ ನೀರು ಆವಿಯಾಗಿ ಸುತ್ತಣ ಗಾಳಿಗೆ ತೇವವನ್ನು ಕೊಡುವುದು. ಪೂರ್ವದ ಕಿಟಕಿಯ ಬೆಳಕು ಬೇಕು, ಬಿಸಿಲು ಬೇಡ. ಇದನ್ನೆಲ್ಲ ನಾವು ನೋಡಿದ್ದೆವು, ಆದರೆ ಕಲಿತಿರಲಿಲ್ಲ.

ಎರಡು ವರುಷಗಳ ಹಿಂದೆ ಮಾಘಮಾಸದಲ್ಲಿ ಆಕೆ ತೀರಿಕೊಂಡಳು. ಗಿಡವು ನಮ್ಮ ಪಾಲಿಗೆ ಬಂದಿತು.

ಇಲ್ಲಿ ನಮ್ಮ ಪಾಂಡಿತ್ಯದ ಕಥೆಯನ್ನು ಹೇಳಲೇಬೇಕು. ಶುಂಠಿಯಂತೆ ಅಡ್ಡಲಾಗಿ ಬೆಳೆಯುವ ದಪ್ಪ ಕಾಂಡಕ್ಕೆ ಪಠ್ಯಪುಸ್ತಕಗಳಲ್ಲಿ ‘ಗುಪ್ತಕಾಂಡ’ವೆಂಬ ಹೆಸರುಂಟು. ‘ಗುಪ್’ ಧಾತುವಿಗೆ ರಕ್ಷಿಸು, ಮರೆಮಾಡು ಎಂದರ್ಥವಷ್ಟೆ? ನಮ್ಮ ಗಿಡದ ಕಾಂಡವಾದರೋ ಮಣ್ಣಿನ ಮೇಲೆಯೇ ನಾಚಿಕೆಯಿಲ್ಲದೆ ಹರಿದಾಡುತ್ತಿದ್ದಿತು. ಗುಪ್ತವಾಗಿರತಕ್ಕದ್ದು ಬಯಲಾಗಿದೆಯೆಂದು ಎಣಿಸಿ, ಎರಡು ಅಂಗುಲ ಮಣ್ಣನ್ನು ಏರಿಸಿ ಅದನ್ನು ಮುಚ್ಚಿದೆವು. ಬೇಸಗೆಯೆಂದು ದಿನಕ್ಕೆರಡು ಸಲ ನೀರನ್ನೂ ಎರೆದೆವು. ಹದಿನೈದು ದಿನಗಳಲ್ಲಿ ಕಾಂಡವು ಕೊಳೆತು ಮೆತ್ತಗಾಯಿತು. ಎಲೆಗಳು ಒಂದೊಂದಾಗಿ ಕಳಚಿ ಬಿದ್ದುವು. ಈ ಜಾತಿಯ ಬಿಗೋನಿಯದ ಕಾಂಡವು ಮಣ್ಣಿನ ಮೇಲೆಯೇ ಇರಬೇಕು, ಬೇರು ಮಾತ್ರ ಕೆಳಗಿಳಿಯಬೇಕು, ಕುಂಡವು ಆಳವಾಗಿರದೆ ಅಗಲವಾಗಿರಬೇಕು, ಎಲೆಗೊಬ್ಬರಕ್ಕೆ ಮರಳೂ ಇದ್ದಿಲಚೂರೂ ಬೆರೆತು ನೀರು ತಡೆಯಿಲ್ಲದೆ ಬಸಿಯಬೇಕು ಎಂಬುದನ್ನು ನಾವು ತಿಳಿದುದು ಆಮೇಲೆ. ವ್ಯುತ್ಪತ್ತಿಯನ್ನು ನಂಬಿ ಗಿಡವನ್ನು ಕೊಂದವರು ಲೋಕದಲ್ಲಿ ನಾವೊಬ್ಬರೇ ಇದ್ದೇವು.

ಒಂದು ಎಲೆ ಮಾತ್ರ ಕೆಡದೆ ಉಳಿದಿತ್ತು. ಮೊಳಕಾಲ್ಮೂರಿನಲ್ಲಿ ರೇಷ್ಮೆ ನೇಯುವ ನಮ್ಮ ಹಳೆಯ ಶಿಷ್ಯನೊಬ್ಬನು ಆ ದಿನ ನಮ್ಮನ್ನು ನೋಡಲು ಬಂದಿದ್ದವನು, “ಎಲೆಯಿಂದಲೇ ಗಿಡವಾಗುವುದಂತೆ ಮೇಷ್ಟ್ರೆ. ಆದರೆ ಈ ಮನೆಯಲ್ಲಿ ಆಗದು. ನಮ್ಮ ಮಗ್ಗದ ಮನೆಗೆ ತನ್ನಿ” ಎಂದನು. ಮೊಳಕಾಲ್ಮೂರು ನಮ್ಮ ಗೃಹಿಣಿಯ ತವರೂರು. ಆಕೆ ಹೋದ ಮೇಲೆ ಆ ದಾರಿಯಲ್ಲಿ ನಾವು ಕಾಲಿಟ್ಟಿರಲಿಲ್ಲ.

ಎಲೆಯನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟುಕೊಂಡು, ಫಾಲ್ಗುಣದ ಒಂದು ಮುಂಜಾನೆ ಬಳ್ಳಾರಿಯ ಬಸ್ಸನ್ನು ಹತ್ತಿದೆವು. ದಾರಿಯಲ್ಲಿ ತಳುಕು ಸಿಕ್ಕುವುದು. ಕುವೆಂಪು ತಮ್ಮ ರಾಮಾಯಣದರ್ಶನವನ್ನು ಯಾವ ಗುರುವಿಗೆ ಅರ್ಪಿಸಿದರೋ ಆ ವೆಂಕಣ್ಣಯ್ಯನವರ ಊರು. ಮೇಷ್ಟ್ರಾಗಿದ್ದವರು ಅಲ್ಲಿ ಬಸ್ಸಿನೊಳಗಿನಿಂದಲಾದರೂ ಕೈಮುಗಿಯುವುದುಂಟು. ಬಿ. ಜಿ. ಕೆರೆಯನ್ನು ದಾಟಿ, ಹಾನಗಲ್ಲಿನಲ್ಲಿ ಹೆದ್ದಾರಿಯನ್ನು ಬಿಟ್ಟು ತಿರುಗಿದರೆ, ಬಂಡೆಯ ಮೇಲೆ ಬಂಡೆಯನ್ನು ಒಟ್ಟಿದಂತಹ ಬೆಟ್ಟಗಳ ಮಗ್ಗುಲಲ್ಲಿ ಮೊಳಕಾಲ್ಮೂರು.

ಶಿಷ್ಯನ ಮನೆಯಲ್ಲಿರುವುದು ಕುಣಿಮಗ್ಗ. ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುವನು. ಒಣಗಾಳಿಗೆ ಸಿಕ್ಕಿದ ರೇಷ್ಮೆಯ ಎಳೆ ಪಟ್ಟನೆ ಕಡಿಯುವುದು. ಆದುದರಿಂದ ನೆಲದ ತಂಪನ್ನೂ ತೇವವನ್ನೂ ಕಾಪಾಡಿಕೊಳ್ಳುವುದು ನೇಕಾರನಿಗೆ ಅನ್ನದ ಪ್ರಶ್ನೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಆ ಕೋಣೆಯಲ್ಲಿ ಮಲೆನಾಡಿನ ಮನೆಯ ನಡುಮನೆಯ ತಂಪು! ನಮಗೆ ಹೊಳೆಯದ ಉಪಾಯವು ಅವನಿಗೆ ಹೊಳೆದುದು ಇದರಿಂದಲೇ.

ಎಲೆಯ ಹಿಂಬದಿಯ ದಪ್ಪ ನರಗಳನ್ನು ಹರಿತವಾದ ಬ್ಲೇಡಿನಿಂದ ನಾಲ್ಕೈದು ಕಡೆ ಕೊಯ್ದೆವು. ನರ ಕೊಯ್ದಲ್ಲಿಯೇ ಹೊಸ ಸಸಿ ಹುಟ್ಟತಕ್ಕದ್ದು. ತೊಳೆದ ಮರಳನ್ನು ನೆನೆಸಿ ಹಿಂಡಿದಂತೆ ಮಾಡಿ ಬೋಗುಣಿಗೆ ತುಂಬಿ, ನರಗಳು ಮರಳಿಗೆ ಅಂಟುವಂತೆ ಎಲೆಯನ್ನು ಹಾಸಿ, ಸಣ್ಣ ಬೆಣಚುಕಲ್ಲುಗಳಿಂದ ಒತ್ತಿ, ಮೇಲೆ ಗಾಜನ್ನು ಮುಚ್ಚಿದೆವು. ಲಂಡನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬವರು ಸುಮಾರು 1829ರಲ್ಲಿ ಮುಚ್ಚಿದ ಸೀಸೆಯೊಳಗೆ ಜರಿಗಿಡವು ತಾನೇ ಬೆಳೆದುದನ್ನು ಕಂಡು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದರು. ನಮ್ಮ ಬೋಗುಣಿಯೂ ಅದೇ ಕುಲದ್ದು. ಬೂಷ್ಟು ಹಿಡಿಯದಂತೆ ದಿನಕ್ಕೊಮ್ಮೆ ಗಾಜನ್ನು ಸರಿಸಿ ಗಾಳಿಯಾಡಿಸಬೇಕು. ಮಗ್ಗದ ಪಕ್ಕದಲ್ಲಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವೆಡೆ, ಬೋಗುಣಿಗೆ ಸ್ಥಳವಾಯಿತು. ಶಿಷ್ಯನ ತಾಯಿ ಅದನ್ನು ನೋಡಿ, “ನಮ್ಮೂರ ಮಗಳು ಸಾಕಿದ್ದಲ್ಲವೆ? ನೀವು ಮಾತ್ರ ಮುಟ್ಟಬೇಡಿ” ಎಂದರು. ನಾವು ಉತ್ತರಿಸಲಿಲ್ಲ.

ಮರುದಿನ ಶಿಷ್ಯನೊಡನೆ ಬ್ರಹ್ಮಗಿರಿಗೆ ಹೋದೆವು. ಅಲ್ಲಿಯೂ ಸಿದ್ಧಾಪುರದಲ್ಲಿಯೂ ಜಟಿಂಗರಾಮೇಶ್ವರದಲ್ಲಿಯೂ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಕೇಳಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದು ಆ ಪ್ರಾಕೃತವು ಸಾರುವುದು. ಲಿಪಿಕಾರನಾದ ಚಪಡನು ಬ್ರಾಹ್ಮಿಯಲ್ಲಿ ಬರೆಯುತ್ತ ಬಂದು, ಕೊನೆಗೆ ‘ಲಿಪಿಕಾರನಿಂದ’ ಎಂಬುದನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅಕ್ಷರದ ಹೆಮ್ಮೆಯು ಅವನಿಗೂ ಇದ್ದಿತು. ನಾವು ಅರ್ಥ ಹೇಳುತ್ತಿದ್ದೆವು, ಶಿಷ್ಯನು ಕೇಳುತ್ತಿದ್ದನು; ಆದರೆ ಆ ಪ್ರಯಾಣದಲ್ಲಿ ಪಾಠ ಹೇಳಿದವರಾರು, ಕೇಳಿದವರಾರು ಎಂಬ ಲೆಕ್ಕವು ತಲೆಕೆಳಗಾಗಿದ್ದುದು ನಮ್ಮಿಬ್ಬರಿಗೂ ತಿಳಿದಿದ್ದಿತು.

ಎರಡು ತಿಂಗಳ ತರುವಾಯ ಅವನೇ ಬಂದನು. ರೇಷ್ಮೆಯ ಸೀರೆಯನ್ನಿಡುವ ರಟ್ಟಿನ ಪೆಟ್ಟಿಗೆಯಲ್ಲಿ, ಉಗುರಿನಷ್ಟು ಎಲೆಗಳುಳ್ಳ ಎರಡು ಸಸಿಗಳಿದ್ದುವು. ಮೂರನೆಯದನ್ನು ತನ್ನ ತಾಯಿ ಕೊಡಲೊಲ್ಲರೆಂದನು. ನಾವೂ ಕೇಳಲಿಲ್ಲ, ಅದು ತವರಿನಲ್ಲಿಯೇ ಇರಲಿ.

ಈಗ ಅವು ಪೂರ್ವದ ಕಿಟಕಿಯ ಬಳಿ, ಅದೇ ಬೆಣಚುಕಲ್ಲಿನ ತಟ್ಟೆಯ ಮೇಲೆ ಇವೆ. ದಿನವೂ ಬೆಳಿಗ್ಗೆ ಮಣ್ಣಿಗೆ ಬೆರಳನ್ನು ಒತ್ತಿ ನೋಡುತ್ತೇವೆ. ಮೊನ್ನೆ ದೊಡ್ಡ ಸಸಿಯಲ್ಲಿ ನಾಲ್ಕನೆಯ ಎಲೆ ಬಿಚ್ಚಿತು. ಅದರ ನಡುವಣ ಗುರುತು ಇನ್ನೂ ಮಸುಕಾಗಿದೆ. ಕನ್ನಡಕವನ್ನು ಹಾಕಿಕೊಂಡು ನೋಡಿದರೆ ಕಾಣುವುದು.